ಹೊಸಕೋಟೆ ಕಡೆಯ ಹಳೇ ಬಂಗಲೆ: ಸೂರು ಗಟ್ಟಿ, ಪಶ್ಚಿಮದ ಗೋಡೆ ಹಸಿ

ವೈಟ್‌ಫೀಲ್ಡ್ ದಾಟಿ ಹೊಸಕೋಟೆ ಕಡೆಗಿರುವ ಈ ಬಂಗಲೆ ಈಗ ಮಾರಾಟಕ್ಕಿದೆ. 4 ಎಕರೆ 12 ಗುಂಟೆ ಜಾಗ, ಒಂದೇ ಅಂತಸ್ತಿನ ಸುಮಾರು 6,200 ಚದರಡಿಯ ಮನೆ, ಹಿಂದೆ ಕುದುರೆ ಲಾಯವಾಗಿದ್ದ ಉದ್ದನೆಯ ಔಟ್‌ಹೌಸ್, ಕಲ್ಲು ಕಟ್ಟಿದ ತೆರೆದ ಬಾವಿ, ಒಂದು ಬೋರ್‌ವೆಲ್. ಈಚೆಗಷ್ಟೇ ಇಡೀ ಮನೆ ರಿಪೇರಿಯಾಗಿದೆ. ಜಾಹೀರಾತಿನಲ್ಲಿ ‘ಸಂಪೂರ್ಣ ನವೀಕರಿಸಿದ ಪಾರಂಪರಿಕ ಬಂಗಲೆ’ ಎಂದಿದೆ. ಸೂರಿನ ಮಟ್ಟಿಗೆ ಅದು ನಿಜ. ಗೋಡೆ, ನೀರು, ಕಾಗದಪತ್ರದ ಕೆಲಸ ಇನ್ನೂ ಬಾಕಿ ಇದೆ, ಇಂಥ ಮನೆಯಲ್ಲಿ ದುಡ್ಡು ಹೋಗುವುದೂ ಅಲ್ಲೇ.

ಮೊದಲು ವಯಸ್ಸಿನ ವಿಚಾರ. ಮಾರುವವರು 1890ಕ್ಕಿಂತ ಹಳೆಯದು ಅನ್ನುತ್ತಾರೆ, ಹೆಂಚಿನ ಮೇಲಿನ 1865ರ ಮುದ್ರೆಯನ್ನೂ ತೋರಿಸುತ್ತಾರೆ. ಆ 1865 ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಆಮೇಲೆ ತಯಾರಾದ ಹೆಂಚುಗಳಲ್ಲೂ ಅದೇ ಅಂಕಿ ಬರುತ್ತಿತ್ತು. ಹಳೇ ಹೆಂಚುಗಳಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಮುದ್ರೆಯವೂ ಇವೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಆ ಟ್ರಸ್ಟಿನ ಕೈಗೆ ಹೋಯಿತು, ಹಾಗಾಗಿ ಆ ಮುದ್ರೆಯ ಹೆಂಚು ಯುದ್ಧಕ್ಕಿಂತ ಈಚಿನದು. ನಡುಹಾಲಿನ ಎರಡು ಉಕ್ಕಿನ ತೊಲೆಗಳ ಮೇಲೆ ‘ಡಾರ್ಮನ್ ಲಾಂಗ್’ ಎಂದಿದೆ. ಅದು ಇಂಗ್ಲೆಂಡಿನ ತಯಾರಕರ ಹೆಸರು ಅಷ್ಟೇ, ಮನೆಯ ಜನ್ಮಪತ್ರಿಕೆ ಅಲ್ಲ. ವೈಟ್‌ಫೀಲ್ಡ್ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಶುರುವಾದದ್ದೇ 1882ರಲ್ಲಿ. ಅದರ ಆಚೆಗಿರುವ ಈ ಮನೆ ಅದಕ್ಕೂ ಹಳೆಯದು ಅನ್ನಲು ಹಳೇ ಕ್ರಯಪತ್ರವೇ ಬೇಕು. ಪತ್ರ ಕಾಣದೆ ಇಸವಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮನೆ ಚೆನ್ನಾಗಿರುವುದು ಇಸವಿಯಿಂದಲ್ಲ, ಕಟ್ಟಿರುವ ರೀತಿಯಿಂದ.

ಹೆಂಚಿನ ಮಾಡು ಈ ರಿಪೇರಿಯ ಅತ್ಯುತ್ತಮ ಭಾಗ. ಸುಮಾರು 4,800 ಚದರಡಿಯ ಮೇಲೆ ಮಂಗಳೂರು ಹೆಂಚಿದೆ. ಇಳಿಜಾರು 30 ಡಿಗ್ರಿ, ಚದರ ಮೀಟರಿಗೆ 15 ಹೆಂಚಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 8,000 ಹೆಂಚು. ಒಂದೊಂದು ಎರಡೂಕಾಲು, ಎರಡೂವರೆ ಕಿಲೋ ತೂಗುತ್ತದೆ. ಅಂದರೆ ಮರದ ಮೇಲೆ ಯಾವಾಗಲೂ 18ರಿಂದ 20 ಟನ್ ಭಾರ, ಮಳೆಯಲ್ಲಿ ನೀರು ಕುಡಿದರೆ ಇನ್ನೂ ಹೆಚ್ಚು. ರಿಪೇರಿಯಲ್ಲಿ ಮೂರನೇ ಒಂದು ಭಾಗ ಹೆಂಚು ಬದಲಾಗಿದೆ. ಬಹಳ ಕಡೆ ಎಡವುವುದು ಇಲ್ಲೇ: ಒಡೆದ ಜಾಗಕ್ಕೆ ಮಾತ್ರ ಹೊಸ ಹೆಂಚು ಸಿಕ್ಕಿಸುತ್ತಾರೆ. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆ, ಹಳೇ ಹೆಂಚಿನ ತೋಡಿಗೆ ಹೊಸದರ ಏಣು ಸರಿಯಾಗಿ ಕೂರುವುದಿಲ್ಲ, ಎರಡು ನೂಲಿನಷ್ಟು ಸಂದು ಉಳಿದರೂ ಗಾಳಿಮಳೆಗೆ ನೀರು ಒಳಗೆ. ಇಲ್ಲಿ ಹಾಗೆ ಮಾಡಿಲ್ಲ. ಗಟ್ಟಿಯಿದ್ದ ಹಳೇ ಹೆಂಚನ್ನೆಲ್ಲ ಇಳಿಸಿ, ತಟ್ಟಿ ನೋಡಿ, ಮುಂದಿನ ಮತ್ತು ಪೂರ್ವದ ಇಳಿಜಾರಿಗೆ ಒಟ್ಟು ಮಾಡಿದ್ದಾರೆ. ಹೊಸದೆಲ್ಲ ಹಿಂದಿನ ಒಂದೇ ಇಳಿಜಾರಿನಲ್ಲಿದೆ. ಎರಡು ಅಚ್ಚು ಎಲ್ಲೂ ಪಕ್ಕಪಕ್ಕ ಬಂದಿಲ್ಲ. ಈ ಕೆಲಸ ಮಾಡಿದ ಮೇಸ್ತ್ರಿಗೆ ಹೆಂಚು ಗೊತ್ತು.

ಜಂತಿಗಳು ಹಳೇ ತೇಗ, ರೀಪು ಮಾತ್ರ ಹೊಸತು. ನೋಡಲು ಹೋದವರು ಏಣಿ ಹಾಕಿಸಿಕೊಂಡು ಜಂತಿ ಗೋಡೆಯ ಮೇಲೆ ಕೂರುವ ತುದಿಯನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ಗಟ್ಟಿ ಮರದಲ್ಲಿ ದಬ್ಬಳ 2-3 ಮಿಲಿಮೀಟರಿಗಿಂತ ಒಳಗೆ ಇಳಿಯುವುದಿಲ್ಲ. ಇಲ್ಲಿ ಅಡುಗೆಮನೆ ಮೇಲಿನ ಎರಡು ಜಂತಿ ಬಿಟ್ಟರೆ ಉಳಿದವು ಕಲ್ಲಿನಂತಿವೆ. ಆ ಎರಡರ ಕೆಳಗೆ ಸಣ್ಣ ಹಿಟ್ಟಿನ ಗುಪ್ಪೆ ಬೀಳುತ್ತಿದೆ. ಅದು ಗೆದ್ದಲಲ್ಲ, ಮರ ಕೊರೆಯುವ ಹುಳ. ಬದಲಾಯಿಸಬೇಕು.

ಎರಡು ಇಳಿಜಾರು ಕೂಡುವ ಒಳಮೂಲೆಗಳು ನಾಲ್ಕು ಇವೆ. ಅಲ್ಲೆಲ್ಲ ಹೊಸ ಜಿಂಕ್ ಲೇಪದ ತಗಡಿನ ದೋಣಿ ಹಾಕಿದ್ದಾರೆ, ಅಗಲ ಸಾಕಷ್ಟಿದೆ. ತೊಂದರೆ ಇರುವುದು ಮೇಲೆ ಚಾಚಿರುವ ಮಳೆಮರದ ಕೊಂಬೆಯಿಂದ. ಅದರ ಸಣ್ಣೆಲೆ ದೋಣಿಯಲ್ಲಿ ಕೊಳೆತು ಕೆಸರಾಗಿ ಕೂರುತ್ತದೆ, ಮಳೆನೀರು ಹೆಂಚಿನಡಿಗೆ ಹಿಂದಕ್ಕೆ ನುಗ್ಗುತ್ತದೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಕೊನೆಗೊಮ್ಮೆ ದೋಣಿ ಬಳಿಯಲೇಬೇಕು. ಬೆಂಗಳೂರಿನ ದೊಡ್ಡ ಮಳೆ ಮೇ ತಿಂಗಳಲ್ಲೂ ಸೆಪ್ಟೆಂಬರ್-ಅಕ್ಟೋಬರಿನಲ್ಲೂ ಬರುವುದರಿಂದ ಈ ಎರಡು ಗಡುವು.

ಮುಖಮಂಟಪ ಮತ್ತು ಕಿಟಕಿಗಳ ಮೇಲಿನ ಮಂಕಿ ಟಾಪ್‌ಗಳು, ಅಂದರೆ ಚೂಪು ತುದಿಯ ಮರದ ಪಟ್ಟಿಗಳ ಮುಚ್ಚಿಗೆಗಳು, ಬೆಂಗಳೂರಿನ ಹಳೇ ಬಂಗಲೆಯ ಗುರುತೇ ಸರಿ. ಇಲ್ಲಿ ಅವನ್ನು ಅಳತೆ ಕೆಡಿಸದೆ ತೇಗದಲ್ಲೇ ಮತ್ತೆ ಮಾಡಿಸಿರುವುದು ಸಂತೋಷದ ವಿಷಯ. ಪಟ್ಟಿಗಳ ಅಗಲ, ನಡುವಿನ ಸಂದು, ಚೂಪು ತುದಿ ಎಲ್ಲವೂ ಉಳಿದಿದ್ದ ಒಂದು ಹಳೇ ಮಾದರಿಗೆ ಹೊಂದುತ್ತವೆ. ಹತ್ತಿರ ಹೋಗಿ ಪಟ್ಟಿಗಳ ಕೆಳತುದಿ ನೋಡಿ: ಪ್ರತಿಯೊಂದರಲ್ಲೂ ಎರಡು ಅಂಗುಲ ಎತ್ತರಕ್ಕೆ ಕಪ್ಪು ನೀರಿನ ಗೆರೆ ಹತ್ತಿದೆ. ಮುಂದೆ, ಹಿಂದೆ, ಪಕ್ಕಗಳಿಗೆ ಬಣ್ಣ ಹೊಡೆದವರು ಕೆಳಗಿನ ಕೊಯ್ದ ಮುಖಕ್ಕೆ ಹೊಡೆದಿಲ್ಲ. ಮರ ನೀರು ಹೀರುವುದು ಆ ಮುಖದಿಂದಲೇ. ಮಳೆಗಾಲಕ್ಕೆ ಮುಂಚೆ ತುದಿಗಳನ್ನು ಒಣಗಿಸಿ, ಉಜ್ಜಿ, ಎರಡು ಕೈ ಪ್ರೈಮರ್, ಎರಡು ಕೈ ಎನಾಮೆಲ್ ಕೊಟ್ಟರೆ ಸಾಕು. ಬಿಟ್ಟರೆ ತುದಿಯಿಂದ ಲಡ್ಡಾಗುತ್ತಾ ಬರುತ್ತದೆ.

ನಡುಹಾಲು ಮತ್ತು ಎರಡು ದೊಡ್ಡ ಕೋಣೆಗಳ ಮೇಲೆ, ಸುಮಾರು 1,400 ಚದರಡಿ, ಮದ್ರಾಸ್ ತಾರಸಿ. ಒಂದೂವರೆ ಅಡಿಗೊಂದು ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ, ಕೊನೆಗೆ ಚಪ್ಪಟೆ ಹೆಂಚು. ಹಿಂದೆ ಈ ಗಾರೆಯನ್ನು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಈ ತಾರಸಿ ಕೆಡುವುದು ನಡುವಿನಲ್ಲಲ್ಲ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ. ಒದ್ದೆ ಗೋಡೆಯೊಳಗೆ ಗಾಳಿಯಾಡದೆ ತುದಿ ಕೊಳೆಯುತ್ತದೆ, ಕೆಳಗಿನಿಂದ ನೋಡಿದರೆ ತೊಲೆ ಚೆನ್ನಾಗಿಯೇ ಕಾಣುತ್ತದೆ. ಇಲ್ಲಿ ಆರು ತೊಲೆಗಳ ತುದಿ ಕತ್ತರಿಸಿ, ಹೊಸ ತೇಗ ಕೂಡಿಸಿ, ಎರಡು ಬದಿಗೂ ಉಕ್ಕಿನ ಪಟ್ಟಿಯಿಟ್ಟು ಬೋಲ್ಟ್ ಬಿಗಿದಿದ್ದಾರೆ. ಸರಿಯಾದ ಕ್ರಮ. ಕೆಲಸ ನಡೆಯುವಾಗ ತೆಗೆದ ಫೋಟೊಗಳನ್ನು ಮಾಲೀಕರು ಕೇಳಿದವರಿಗೆ ತೋರಿಸುತ್ತಾರೆ. ನೋಡಿದರೆ ಸಾಲದು, ಪ್ರತಿ ತೆಗೆದುಕೊಳ್ಳಿ. ಮುಂದೆ ನೀವು ಮಾರುವಾಗ ಬೆಲೆ ಬರುವುದು ಅವಕ್ಕೇ.

ತಾರಸಿಯ ಮೇಲ್ಮೈಗೆ ಮಾತ್ರ ಸಿಮೆಂಟ್ ಪದರ ಎಳೆದು, ಬಿಳಿ ವಾಟರ್‌ಪ್ರೂಫ್ ಬಣ್ಣ ಬಳಿದಿದ್ದಾರೆ. ಸುಣ್ಣದ ಗಾರೆ ಬಿಸಿಲಿಗೆ ಹಿಗ್ಗಿ ಕುಗ್ಗುವ ರೀತಿ ಬೇರೆ, ಸಿಮೆಂಟಿನದು ಬೇರೆ. ಈಗಾಗಲೇ ಪ್ಯಾರಪೆಟ್ ಬುಡದಲ್ಲಿ ಕೂದಲೆಳೆ ಬಿರುಕು ಕಾಣುತ್ತಿದೆ. ಬಿರುಕಿನಲ್ಲಿ ಇಳಿದ ನೀರು ಮೇಲೆ ಆವಿಯಾಗಲಾರದೆ ತೊಲೆಯ ಕಡೆಗೇ ಇಳಿಯುತ್ತದೆ. ಈ ವರ್ಷವೇ ಕಿತ್ತು ಹಾಕಬೇಕಾದ್ದಿಲ್ಲ. ಬಿರುಕು ಮುಚ್ಚಿ, ತಾರಸಿಯ ನೀರು ಹೊರಬೀಳುವ ಐದೂ ದೋಣಿಗಳ ಬಾಯಿ ಸರಿಮಾಡಿ, ಎರಡು ಮಳೆಗಾಲ ಒಳಗಿನಿಂದ ತೊಲೆಗಳ ಮೇಲೆ ಕಣ್ಣಿಟ್ಟು, ಆಮೇಲೆ ತೀರ್ಮಾನಿಸಬಹುದು.

ಇನ್ನು ಪಶ್ಚಿಮದ ಗೋಡೆ. ಈ ಮನೆಯ ದೊಡ್ಡ ತಪ್ಪು ಇದೇ. ಗೋಡೆಗಳೆಲ್ಲ ಒಂದೂವರೆ ಅಡಿ ದಪ್ಪ, ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ, ಸೈಜುಗಲ್ಲಿನ ಪಾಯ. ಪಾಯದ ಮೇಲೆ ತೇವ ತಡೆಯುವ ಪದರವಿಲ್ಲ. ನೆಲದ ತೇವ ಗೋಡೆಗೆ ಏರುವುದು ಸಹಜ, ಸುಣ್ಣದ ಗಿಲಾವಿನ ಮೂಲಕ ಅದು ಹೊರಗೆ ಆವಿಯಾಗಿ ಹೋಗುವುದೂ ಸಹಜ. ಮುಂದಿನ ಮತ್ತು ಪೂರ್ವದ ಗೋಡೆಗಳಿಗೆ ಸುಣ್ಣದ ಗಿಲಾವನ್ನೇ ಮಾಡಿಸಿದ್ದಾರೆ, ಅವು ಒಣಗಿವೆ. ಪಶ್ಚಿಮದ ಗೋಡೆಗೂ ಸ್ನಾನದ ಮನೆಗಳಿರುವ ಉತ್ತರದ ತುಂಡಿಗೂ ಬಂದಾಗ, ಕೆಲಸ ಬೇಗ ಮುಗಿಯಲಿ ಎಂದೋ ಏನೋ, ಸಿಮೆಂಟ್ ಗಿಲಾವು ಮಾಡಿ ಅಕ್ರಿಲಿಕ್ ಬಣ್ಣ ಹೊಡೆದಿದ್ದಾರೆ. ಆವಿ ಹೋಗುವ ದಾರಿ ಮುಚ್ಚಿತು, ತೇವ ಇನ್ನಷ್ಟು ಮೇಲೇರಿತು. ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಗುಳ್ಳೆಯೆದ್ದಿದೆ. ಗುಳ್ಳೆ ಒಡೆದ ಕಡೆ ಬಿಳಿ ಉಪ್ಪಿನ ಪುಡಿ, ಅದರ ಹಿಂದೆ ಬೆರಳಿಗೆ ಉದುರುವ ಇಟ್ಟಿಗೆ. ಉಪ್ಪು ಹರಳುಗಟ್ಟುವಾಗ ಇಟ್ಟಿಗೆಯ ಮೈಯನ್ನೇ ಒಡೆಯುತ್ತದೆ. ಮೇಲೆ ಮತ್ತೊಮ್ಮೆ ಪುಟ್ಟಿ ಹಚ್ಚಿ ಬಣ್ಣ ಹೊಡೆದು ಮನೆ ತೋರಿಸಿದರೆ ಆರು ತಿಂಗಳು ಗೊತ್ತಾಗುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡಬೇಕು: ಗೋಡೆಗೆ ಒಂದು ಹನಿ ನೀರು ಹಚ್ಚಿ, ಸುಣ್ಣವಾದರೆ ಕುಡಿದುಬಿಡುತ್ತದೆ, ಅಕ್ರಿಲಿಕ್ ಆದರೆ ಹನಿ ಜಾರಿ ಇಳಿಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಿಲಾವು ಬಿಟ್ಟುಕೊಂಡ ಕಡೆ ಪೊಳ್ಳು ಸದ್ದು.

ಸರಿಪಡಿಸುವ ದಾರಿ ಇದೆ, ಸಮಯ ಬೇಕು. ಪಶ್ಚಿಮದ ಗೋಡೆ 62 ಅಡಿ ಉದ್ದ, 13 ಅಡಿ ಎತ್ತರ. ಉತ್ತರದ ತುಂಡೂ ಸೇರಿ ಸುಮಾರು 1,050 ಚದರಡಿ. ಸಿಮೆಂಟನ್ನು ಪೂರ್ತಿ ಕೆತ್ತಿ, ಇಟ್ಟಿಗೆ ಸಂದುಗಳನ್ನು ಒಂದಂಗುಲ ಕೆರೆದು, ಜನವರಿಯಿಂದ ಏಪ್ರಿಲ್‌ವರೆಗೆ ಗೋಡೆಯನ್ನು ಬರಿದೇ ಬಿಡಬೇಕು. ಹೊರಗೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಚೆನ್ನಾಗಿ ನೆನೆದ ಸುಣ್ಣ ಒಂದು ಪಾಲು, ಮರಳು ಎರಡು, ಸುರ್ಕಿ (ಇಟ್ಟಿಗೆ ಪುಡಿ) ಒಂದು, ಈ ಅಳತೆಯಲ್ಲಿ ಎರಡು ಪದರ, ಒಟ್ಟು 20-25 ಮಿಲಿಮೀಟರ್. ಪಶ್ಚಿಮದ ಬಿಸಿಲಿಗೆ ಬೇಗ ಒಣಗಿ ಬಿರಿಯದಂತೆ ಎರಡು ವಾರ ಒದ್ದೆ ಗೋಣಿ ಇಳಿಬಿಡಬೇಕು. ಕೊನೆಗೆ ಮೂರು ಕೈ ಸುಣ್ಣ. ಇದರ ಜೊತೆಗೆ ಗೋಡೆಯ ಬುಡದ ಮಣ್ಣು. ಹೂವಿನ ಪಾತಿಗೆಂದು ಗೋಡೆಗೆ ತಾಗಿಸಿ ಅರ್ಧ ಅಡಿ ಮಣ್ಣು ಏರಿಸಿದ್ದಾರೆ, ಸ್ಪ್ರಿಂಕ್ಲರ್ ದಿನವೂ ಗೋಡೆಗೇ ನೀರು ಹಾರಿಸುತ್ತದೆ. ಮಣ್ಣು ತೆಗೆದು, ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ತುಂಬಿದ ಕಾಲುವೆ ಮಾಡದೆ ಮೇಲಿನ ಯಾವ ಕೆಲಸವೂ ನಿಲ್ಲುವುದಿಲ್ಲ. ಈ ಅಳತೆಯನ್ನೇ ಹಿಡಿದು ಸುಣ್ಣದ ಕೆಲಸ ಬಲ್ಲ ಇಬ್ಬರಿಂದ ಕೊಟೇಶನ್ ತರಿಸಿ, ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ.

ಒಳಗೆ ಹಾಲಿನ ಕೆಂಪು ನೆಲ ಹಳೆಯದು, ಕಪ್ಪು ಅಂಚಿನ ಸಮೇತ ಉಳಿದಿದೆ, ಅದೇ ಒಂದು ಭಾಗ್ಯ. ಊಟದ ಮನೆಯಲ್ಲಿ ಹಳೇ ನೆಲದ ಮೇಲೇ ವಿಟ್ರಿಫೈಡ್ ಟೈಲ್ಸ್ ಕೂರಿಸಿ, ಎರಡಂಗುಲ ಎತ್ತರ ಹೆಚ್ಚಿದ್ದಕ್ಕೆ ತೇಗದ ಬಾಗಿಲುಗಳ ಕೆಳಪಟ್ಟಿ ಕೊಯ್ದಿದ್ದಾರೆ. ಇದು ನೋವಿನ ಕೆಲಸ, ಹಿಂತಿರುಗಿಸಲಾಗದ್ದು. ಅಡುಗೆಮನೆ, ಸ್ನಾನದ ಮನೆಗಳು ಹೊಸ ಫ್ಲ್ಯಾಟಿನಲ್ಲಿ ಇರುವಂತೆಯೇ ಇವೆ. ವೈರಿಂಗ್ ಚೆನ್ನಾಗಿದೆ: ಗೋಡೆ ಕೊರೆಯದೆ ಹೊರಪೈಪಿನಲ್ಲಿ ತಾಮ್ರದ ತಂತಿ, ಶಾಕ್ ತಡೆಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್, ತ್ರೀ ಫೇಸ್. ಸುತ್ತ ಎತ್ತರದ ಮರಗಳಿದ್ದರೂ ಸಿಡಿಲು ತಡೆ ಹಾಕಿಸಿಲ್ಲ, ಹಾಕಿಸಬೇಕು.

ಗೆದ್ದಲಿನ ಔಷಧಿ ಹೊಡೆಸಿದ್ದೇವೆ ಎಂದಿದ್ದಾರೆ, ಪ್ರಮಾಣಪತ್ರ ಇಲ್ಲ. ಸರಿಯಾಗಿ ಮಾಡಿದ್ದರೆ ಗೋಡೆ-ನೆಲ ಕೂಡುವ ಸಾಲಿನಲ್ಲಿ ಅಡಿಗೊಂದರಂತೆ 12 ಮಿಲಿಮೀಟರಿನ ತೂತು ಕೊರೆದು, ಪ್ರತಿ ತೂತಿಗೆ ಒಂದು ಲೀಟರ್ ದ್ರಾವಣ ಬಿಟ್ಟು ಮುಚ್ಚಿದ ಗುರುತು ಇರಬೇಕು. ಔಟ್‌ಹೌಸಿನಲ್ಲಿ ಆ ಗುರುತಿದೆ, ಮುಖ್ಯ ಮನೆಯಲ್ಲಿ ಎಲ್ಲೂ ಇಲ್ಲ. ಮತ್ತೆ ಮಾಡಿಸುವಾಗ ತೆರೆದ ಬಾವಿಯ ಹತ್ತಿರದ ಬದಿಯಲ್ಲಿ ಔಷಧಿ ಬಿಡಿಸಬೇಡಿ.

ತೋಟ ನೋಡಿದವರ ಮನಸ್ಸು ಕರಗುತ್ತದೆ. ಗೇಟಿನಿಂದ ಮಂಟಪದವರೆಗೆ ಎರಡು ಸಾಲು ಸಿಲ್ವರ್ ಓಕ್, ಹಿಂದೆ ಮಾವು, ಹಲಸು, ಬೆಣ್ಣೆಹಣ್ಣು, ಬಾವಿಯ ಪಕ್ಕ ಒಂದು ಹಳೇ ಸಂಪಿಗೆ. ಮನೆಯ ಮುಂದೆ ಪೂರ್ತಿ ಒಂದು ಎಕರೆ ಹುಲ್ಲುಹಾಸು. ಆ ಹುಲ್ಲುಹಾಸಿನ ಲೆಕ್ಕ ಕೇಳಿ. ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ನೀರು ಅಂದರೂ ಒಂದು ಎಕರೆಗೆ 16,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಎರಡು ಮುಕ್ಕಾಲು ಲೋಡ್. ಈಗ ಅಷ್ಟೂ ನೀರು 1,100 ಅಡಿಯ ಬೋರ್‌ವೆಲ್‌ನಿಂದ ಬರುತ್ತಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಬಂದು, ಸತತ ನಾಲ್ಕು ಗಂಟೆ ಪಂಪ್ ಓಡಿಸಿ, ಡ್ರಮ್ ಇಟ್ಟು ಅಳೆದು ನೋಡದೆ ಇಳುವರಿಯ ಮಾತನ್ನು ನಂಬಬೇಡಿ. ನವೆಂಬರಿನಲ್ಲಿ ಯಾವ ಬೋರ್‌ವೆಲ್ ಆದರೂ ಚೆನ್ನಾಗಿಯೇ ಬರುತ್ತದೆ.

ನಾವು ಕೊಡುವ ಸಲಹೆ: ಹುಲ್ಲನ್ನು 10 ಗುಂಟೆಗೆ ಇಳಿಸಿ, ಉಳಿದ ಕಡೆ ನೆರಳಿನ ಗಿಡ ಹಾಕಿ, ಸೂರಿನ ನೀರನ್ನು ಬಾವಿಗೆ ತನ್ನಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಈ ಮನೆಯ 576 ಚದರ ಮೀಟರ್ ಸೂರಿನಿಂದ, ಐದನೇ ಒಂದು ಪಾಲು ನಷ್ಟ ಕಳೆದರೂ, ವರ್ಷಕ್ಕೆ ನಾಲ್ಕು ಲಕ್ಷ ಲೀಟರಿಗಿಂತ ಹೆಚ್ಚು ನೀರು ಸಿಗಬೇಕು. ಈಗ ಅಷ್ಟೂ ಗೇಟಿನ ಪಕ್ಕದ ಚರಂಡಿಗೆ ಹರಿಯುತ್ತಿದೆ. 38 ಅಡಿ ಆಳ, 12 ಅಡಿ ಅಗಲದ ಕಲ್ಲು ಕಟ್ಟಿದ ಬಾವಿ ಪಕ್ಕದಲ್ಲೇ ಇರುವಾಗ ಲಕ್ಷಗಟ್ಟಲೆ ರಿಪೇರಿಗೆ ಖರ್ಚು ಮಾಡಿದವರು ನಾಲ್ಕು ಪೈಪು, ಒಂದು ಜಲ್ಲಿ-ಮರಳಿನ ಶೋಧಕ ಹಾಕಿಸದೆ ಬಿಟ್ಟದ್ದು ಅನ್ಯಾಯ.

ಮರಗಳಲ್ಲಿ ಎರಡರ ಬಗ್ಗೆ ಎಚ್ಚರ. ಗಾಡಿ ನಿಲ್ಲಿಸುವ ಕಡೆಯ ಎರಡು ಗುಲ್‌ಮೊಹರ್‌ಗಳ ಬೇರು ಮೇಲ್ಮೈಯಲ್ಲೇ ಹರಡಿವೆ, ಒಂದು ಈಗಾಗಲೇ ವಾಲಿದೆ. ಮುಂಗಾರಿಗೆ ಮುಂಚಿನ ಗಾಳಿಗೆ ಇಂಥವೇ ಉರುಳುವುದು. ಮಳೆಮರದ ಕೊಂಬೆಯೂ ಭಾರ ಇಳಿಸಿಕೊಳ್ಳಬೇಕು. ಸ್ವಂತ ಜಮೀನಿನದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿಗಳಿಗಷ್ಟೇ ವಿನಾಯಿತಿ. ಹಿಂಬದಿಯ ಬೇಲಿಯಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧದ ಗಿಡಗಳಿವೆ. ಎಣಿಸಿ, ಫೋಟೊ ತೆಗೆದು, ಕರಾರಿನಲ್ಲಿ ಬರೆಸಿ. ಮುಂದೆ ಒಂದು ಕಾಣೆಯಾದರೂ ಉತ್ತರ ಹೇಳಬೇಕಾದವರು ಜಮೀನಿನ ಮಾಲೀಕರು.

ಕಾಗದಪತ್ರಕ್ಕೆ ಬಂದರೆ 4 ಎಕರೆ 12 ಗುಂಟೆ ಎಂಬ ಅಂಕಿಯೇ ಒಡೆದು ಹೋಗುತ್ತದೆ. ಪಹಣಿಯ ಪ್ರಕಾರ ಅದರಲ್ಲಿ 9 ಗುಂಟೆ ಬಿ ಖರಾಬು, ಪೂರ್ವದ ಅಂಚಿನ ಹಳ್ಳ. ಬಿ ಖರಾಬು ಸರ್ಕಾರದ್ದು, ಅದನ್ನು ಯಾರೂ ಮಾರಲಾಗದು, ಯಾರೂ ಕೊಳ್ಳಲಾಗದು. ಕಾಂಪೌಂಡ್ ಗೋಡೆ ಮಾತ್ರ ಹಳ್ಳದ ಆಚೆಗೆ ಹೋಗಿದೆ. ಉಳಿದ 4 ಎಕರೆ 3 ಗುಂಟೆಯಲ್ಲಿ ಭೂ ಪರಿವರ್ತನೆ ಆಗಿರುವುದು 1 ಎಕರೆ 10 ಗುಂಟೆಗೆ. 2 ಎಕರೆ 33 ಗುಂಟೆ ಈಗಲೂ ಕೃಷಿ ಜಮೀನು. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಅದನ್ನು ಕೊಳ್ಳಬಹುದು, ಆ ಭಯ ಬೇಡ. ಆದರೆ ಗೃಹಸಾಲ ಕೊಡುವ ಬ್ಯಾಂಕು ನೋಡುವುದು ಪರಿವರ್ತಿತ ಭಾಗವನ್ನು. ನಕ್ಷೆ ಇಟ್ಟು ಅಳೆದರೆ, ಮೂರು ಅತಿಥಿ ಕೋಣೆಗಳಾಗಿ ಮಾಡಿಸಿರುವ ಲಾಯದ ಅರ್ಧಭಾಗ ಪರಿವರ್ತನೆಯಾಗದ ಜಮೀನಿನ ಮೇಲಿದೆ. ಹೋಮ್‌ಸ್ಟೇ ಮಾಡುವ ಯೋಚನೆಯಿಂದ ಬಂದವರಿಗೆ ಈ ಒಂದು ಅಂಶವೇ ಇಡೀ ಲೆಕ್ಕವನ್ನು ಬದಲಿಸುತ್ತದೆ.

ಹಾಗಾಗಿ ಬೆಲೆಯನ್ನು ಒಟ್ಟು ಎಕರೆಯ ಲೆಕ್ಕದಲ್ಲಿ ಮಾತಾಡಬೇಡಿ. ಪರಿವರ್ತಿತ ಜಾಗಕ್ಕೆ ಒಂದು ದರ, ಕೃಷಿ ಜಮೀನಿಗೆ ಒಂದು ದರ, ಖರಾಬಿಗೆ ಸೊನ್ನೆ. ಮುಂಗಡ ಕೊಡುವ ಮೊದಲು ಸರ್ಕಾರಿ ಸರ್ವೇಯರ್‌ನಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ), ಗ್ರಾಮನಕ್ಷೆ ಮೂರನ್ನೂ ತಾಳೆ ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು, ಇಂಥ ಆಸ್ತಿಗೆ ಅದು ಬೇಕೇ ಬೇಕು. ಹಳೇ ಇನಾಂ ಜಮೀನಾಗಿದ್ದರೆ ಮರುಮಂಜೂರಾತಿ ಆದೇಶ, ಸರ್ಕಾರದಿಂದ ಮಂಜೂರಾದ ಭಾಗವಿದ್ದರೆ 1978ರ ಪಿಟಿಸಿಎಲ್ ಕಾಯ್ದೆಗೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ ಕಾಯ್ದೆ) ಒಳಪಡುತ್ತದೆಯೇ ಎಂಬುದು, ಮಾರುವವರ ಕುಟುಂಬದ ವಂಶವೃಕ್ಷ, ಇಷ್ಟನ್ನೂ ವಕೀಲರು ಬರಹದಲ್ಲಿ ಕೊಡಲಿ.

ಖರ್ಚಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.65ನ್ನು ಬದಿಗಿಟ್ಟುಕೊಂಡೇ ಬೆಲೆ ಕಟ್ಟಿ.

ಈ ಮನೆ ಕೊಳ್ಳಬೇಕಾದವರು ಇಲ್ಲೇ ಬದುಕಲು ಬರುವವರು, ವರ್ಷಕ್ಕೆ ಎರಡು ಸಲ ಏಣಿ ಹಾಕಿಸುವ ತಾಳ್ಮೆ ಇರುವವರು. ವಾರದ ಕೊನೆಗೆ ಬಂದು ಹೋಗುವವರ ಕೈಯಲ್ಲಿ ಪಶ್ಚಿಮದ ಗೋಡೆ ಐದು ವರ್ಷ ತಡೆಯುವುದಿಲ್ಲ.

ಕರಾರುಪತ್ರಕ್ಕೆ ಒಂದು ಅನುಬಂಧ ಸೇರಿಸುವುದನ್ನು ಮರೆಯಬೇಡಿ: ಬಾಗಿಲುಗಳ ಹಿತ್ತಾಳೆ ಚಿಲಕ, ಗಾಳಿಗಂಡಿಗಳ ಬಣ್ಣದ ಗಾಜು, ಬಾವಿಯ ರಾಟೆ, ತೋಟದ ಐದು ಕಲ್ಲುಬೆಂಚು, ಲಾಯದ ಮೂಲೆಯಲ್ಲಿ ಪೇರಿಸಿರುವ ಸುಮಾರು 600 ಹಳೇ ಹೆಂಚು. ಎಲ್ಲದರ ಎಣಿಕೆ ಮತ್ತು ಫೋಟೊ ಇರಲಿ. ನೋಂದಣಿಗೂ ಬೀಗದ ಕೈ ಹಸ್ತಾಂತರಕ್ಕೂ ನಡುವೆ ಇಂಥ ಮನೆಗಳಿಂದ ಮೊದಲು ಹೊರಗೆ ಹೋಗುವುದು ಇವೇ. ಆ 600 ಹೆಂಚು ಹೋದರೆ ಮುಂದಿನ ಇಳಿಜಾರಿಗೆ ಅದೇ ಅಚ್ಚಿನದು ಮತ್ತೆಲ್ಲೂ ಸಿಗುವುದಿಲ್ಲ.